ಸೋಮವಾರದ ಔದಾರ್ಯ

ಲಂಡನ್ ಪ್ರವಾಸಕ್ಕೆ ಹೊರಟವರಿಗೆ ಈಗ ಸಿಗುವ ಬುದ್ಧಿಮಾತು ಒಂದೇ: ಪಾಸು ಗೀಸು ಅಂತ ತಲೆ ಕೆಡಿಸಿಕೊಳ್ಳಬೇಡಿ, ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸುತ್ತ ಹೋಗಿ, ಎಷ್ಟು ಓಡಾಡಿದರೂ ಒಂದು ಮಿತಿ ದಾಟಿ ಹಣ ಕಡಿತವಾಗುವುದಿಲ್ಲ. ಯೂಟ್ಯೂಬ್‌ನ ಪ್ರವಾಸಿ ಪಂಡಿತರೂ ಅಲ್ಲಿ ನೆಲೆಸಿದ ನೆಂಟರೂ ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. 2012ರ ಕೊನೆಯಲ್ಲಿ ಬಸ್ಸುಗಳಿಗೆ, 2014ರಲ್ಲಿ ಟ್ಯೂಬ್ ರೈಲಿಗೆ ಬಂದ ಕಾಂಟ್ಯಾಕ್ಟ್‌ಲೆಸ್ ಪಾವತಿ ಮತ್ತು ಅದರ ‘ಕ್ಯಾಪ್’ ಗಳಿಸಿರುವ ಈ ಕೀರ್ತಿಯಲ್ಲಿ ಅರ್ಧ ನ್ಯಾಯವಾದದ್ದು. ಉಳಿದರ್ಧ, ಯಾರೂ ಕಾಗದ ಪೆನ್ನು ಹಿಡಿದು ಕೂರಲಿಲ್ಲವಾದ್ದರಿಂದ ಉಳಿದುಕೊಂಡಿರುವುದು.

ನಗರದ ನಡುವಿನಿಂದ ಹೊರಕ್ಕೆ ಎಣಿಸುವ ವಲಯಗಳು, ಜನದಟ್ಟಣೆಯ ಹೊತ್ತಿನ ಪೀಕ್ ದರ, ಉಳಿದ ಹೊತ್ತಿನ ಆಫ್-ಪೀಕ್ ದರ ಇತ್ಯಾದಿಯ ಬಗ್ಗೆ ನನ್ನ ಮಾತಿಲ್ಲ. ದಿನದ ಕ್ಯಾಪ್ ಬಗ್ಗೆಯೂ ನನ್ನ ತಕರಾರಿಲ್ಲ. ನನ್ನ ಜಗಳ ವಾರದ ಕ್ಯಾಪ್ ಜೊತೆ. ಅದರಲ್ಲೂ ಅದರ ನಿಯಮದಲ್ಲಿ ತಣ್ಣಗೆ ಕೂತಿರುವ ‘ಸೋಮವಾರದಿಂದ ಭಾನುವಾರದವರೆಗೆ’ ಎಂಬ ಷರತ್ತಿನ ಜೊತೆ.

ಒಂದು ಮತ್ತು ಎರಡನೇ ವಲಯಗಳಿಗೆ 2025ರ ಮಾರ್ಚ್‌ನಲ್ಲಿ ನಿಗದಿಯಾದ ದರವನ್ನೇ ತೆಗೆದುಕೊಳ್ಳಿ. ದಿನದ ಮಿತಿ 8.90 ಪೌಂಡ್, ವಾರದ ಮಿತಿ 44.70. ಅಂದರೆ ಹೆಚ್ಚುಕಡಿಮೆ ಐದು ದಿನದ ಹಣ ಕೊಟ್ಟರೆ ಆರನೆಯ, ಏಳನೆಯ ದಿನ ಪುಕ್ಕಟೆ. ವಾರದ ಕ್ಯಾಪ್‌ನ ಸತ್ವವೆಲ್ಲ ಆ ಎರಡು ದಿನಗಳಲ್ಲಿದೆ. ಈಗ ಏಳು ದಿನ ಉಳಿಯುವ, ದಿನವೂ ಮಿತಿ ಮುಟ್ಟುವಷ್ಟು ಓಡಾಡುವ ಪ್ರವಾಸಿಯನ್ನು ವಾರದ ಒಂದೊಂದು ದಿನ ಇಳಿಸಿ ನೋಡೋಣ. ಸೋಮವಾರ ಇಳಿದರೆ ಒಟ್ಟು 44.70. ಮಂಗಳವಾರ ಇಳಿದರೆ ಭಾನುವಾರದ ತನಕ 44.70, ಮರುದಿನ ಹೊಸ ವಾರ ಶುರುವಾಗಿ ಇನ್ನೊಂದು 8.90, ಒಟ್ಟು 53.60. ಭಾನುವಾರ ಇಳಿದವನಿಗೂ ಅಷ್ಟೇ. ಬುಧ, ಗುರು, ಶುಕ್ರ, ಶನಿ, ಈ ನಾಲ್ಕರಲ್ಲಿ ಯಾವ ದಿನ ಇಳಿದರೂ 62.30. ಅವನ ಏಳು ದಿನ ಎರಡು ವಾರಗಳಿಗೆ ಹರಿದು ಹಂಚಿಹೋಗುತ್ತವೆ. ಯಾವ ತುಂಡಿನಲ್ಲೂ ಆರನೆಯ ದಿನ ಬರುವುದೇ ಇಲ್ಲ. ವಾರದ ಕ್ಯಾಪ್ ಅವನ ಪಾಲಿಗೆ ಇದ್ದೂ ಇಲ್ಲ.

ಈ ಸೋಮವಾರ ಯಾರದು? ಲಂಡನ್ನಿನ ಆಫೀಸಿಗೆ ಹೋಗುವವನದು. ಅವನ ವಾರ ನಿಜಕ್ಕೂ ಸೋಮವಾರ ಹುಟ್ಟುತ್ತದೆ. ಬೆಂಗಳೂರಿನಿಂದ ಹೊರಟವನ ವಾರವಾದರೋ ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕ ದಿನ ಹುಟ್ಟುವಂಥದ್ದು. ಊರಿನವರಿಗಾಗಿ ಹೊಲಿದ ಅಂಗಿಯನ್ನು ನೆಂಟರಿಗೂ ತೊಡಿಸಿ, ಅಳತೆ ಸರಿಯಾಗಿದೆ ಎಂದು ಹೊಗಳಿಸಿಕೊಳ್ಳುವ ಕೆಲಸ ಇದು.

ಈ ಗದ್ದಲದಲ್ಲಿ ಮೂಲೆ ಸೇರಿರುವುದು ಹಳೆಯ ಏಳು ದಿನದ ಟ್ರಾವೆಲ್‌ಕಾರ್ಡ್. ಅದರ ಬೆಲೆಯೂ ಅದೇ 44.70, ಆದರೆ ಅದು ನೀವು ಹೇಳಿದ ದಿನದಿಂದ ಏಳು ದಿನ ಎಣಿಸುತ್ತದೆ. ಲಂಡನ್ನಿನ ಬಸ್ಸುಗಳೂ ಅದರಲ್ಲೇ ಸೇರಿವೆ. ಅದರ ಹಿಂದೆ ಒಂದು ರಾಜಕೀಯ ಹೋರಾಟವೂ ಇದೆ. ಕೆನ್ ಲಿವಿಂಗ್‌ಸ್ಟನ್ ಕಾಲದ ಗ್ರೇಟರ್ ಲಂಡನ್ ಕೌನ್ಸಿಲ್ 1981ರಲ್ಲಿ ದರ ಇಳಿಸಿತು. ಅದರ ವಿರುದ್ಧ ಬ್ರಾಮ್ಲಿ ಎಂಬ ಬರೋದ ಸ್ಥಳೀಯ ಆಡಳಿತ ಕೋರ್ಟಿಗೆ ಹೋಯಿತು. ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶರು ಆ ಯೋಜನೆಯನ್ನು ರದ್ದುಪಡಿಸಿದರು. ಆ ಸೋಲಿನ ಬಳಿಕ 1983ರಲ್ಲಿ ದರ ಮತ್ತೆ ಇಳಿದಾಗ ಬಂದದ್ದು ಟ್ರಾವೆಲ್‌ಕಾರ್ಡ್. ಬಸ್ಸಿಗೂ ಟ್ಯೂಬಿಗೂ ಒಂದೇ ಚೀಟಿ, ಹತ್ತಿ ಇಳಿದದ್ದಕ್ಕೆಲ್ಲ ಲೆಕ್ಕವಿಲ್ಲ ಎಂಬ ಅದರ ಧೋರಣೆಯನ್ನೇ ಕ್ಯಾಪ್ ಮುಂದೆ ಯಂತ್ರದ ಲೆಕ್ಕಕ್ಕೆ ಇಳಿಸಿತು.

ಪಾಸುಗಳೆಲ್ಲ ಪ್ರವಾಸಿಗರ ಸುಲಿಗೆ ಎನ್ನುವ ಒಂದು ಗುಂಪಿದೆ. ಅವರ ಸಾಕ್ಷಿ ಯಾವಾಗಲೂ ಒಂದು ದಿನದ ಟ್ರಾವೆಲ್‌ಕಾರ್ಡ್. ಒಂದರಿಂದ ನಾಲ್ಕನೇ ವಲಯಕ್ಕೆ 2025ರ ದರದಲ್ಲಿ ಅದರ ಬೆಲೆ 16.60; ನಗರದ ನಡುವೆಯೇ ಸುತ್ತುವವನಿಗೆ 8.90ರ ಕ್ಯಾಪ್ ಇರುವಾಗ ಅದನ್ನು ಕೊಳ್ಳುವುದು ದಡ್ಡತನ, ಒಪ್ಪಿದೆ. 2023ರಲ್ಲಿ ಮೇಯರ್ ಸಾದಿಕ್ ಖಾನ್ ಅದನ್ನು ನಿಲ್ಲಿಸಹೊರಟಾಗ ಗಲಾಟೆಯೆದ್ದು ಅದು ಉಳಿದುಕೊಂಡಿತು. ಹೊರ ಊರುಗಳಿಂದ ಬಂದುಹೋಗುವವರಿಗೆ ಅದರ ಉಪಯೋಗ ಬೇರೆ. ಆದರೆ ತಮ್ಮನ ತಪ್ಪಿಗೆ ಅಣ್ಣನನ್ನು ಜೈಲಿಗೆ ಹಾಕುವುದು ಎಂಥ ವಿಮರ್ಶೆ? ಒಂದು ದಿನದ ಕಾರ್ಡಿನ ಬೆಲೆ ತೋರಿಸಿ ಏಳು ದಿನದ ಕಾರ್ಡನ್ನು ತಳ್ಳಿಹಾಕುವವರು ಎರಡರ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದವರಲ್ಲ.

ಇನ್ನೊಂದು ಗುಂಪು ನಡಿಗೆಯ ಭಕ್ತರದು. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಟ್ಯೂಬ್‌ನಲ್ಲಿ ಸುಮಾರು 260 ಮೀಟರ್. ಅದಕ್ಕೆ 2025ರ ದರದಲ್ಲಿ ಆಫ್-ಪೀಕ್‌ನಲ್ಲೂ 2.80 ಪೌಂಡ್ ತೆರುವುದು ನಗೆಪಾಟಲು ಎನ್ನುತ್ತಾರೆ. ನಿಜ. ನಮ್ಮವರು ತಪ್ಪದೆ ನೋಡಲು ಹೋಗುವ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಬಸವಣ್ಣನ ಪ್ರತಿಮೆಗೂ ವೆಸ್ಟ್‌ಮಿನ್‌ಸ್ಟರ್‌ನಿಂದ ಥೇಮ್ಸ್ ದಂಡೆ ಹಿಡಿದು ನಡೆದೇ ಹೋಗಬಹುದು. ಆಫ್-ಪೀಕ್‌ನ 2.80ರ ಲೆಕ್ಕದಲ್ಲಿ ವಾರಕ್ಕೆ ಹದಿನಾರು ಸವಾರಿ ಆಗದವರಿಗೆ ಪಾಸು ನಷ್ಟವೇ. ಆದರೆ ಮಂಡಿನೋವಿನ ಅಪ್ಪ, ನಿದ್ದೆಗಣ್ಣಿನ ಮಗು ಜೊತೆಗಿರುವ ಸಂಸಾರ ಮ್ಯೂಸಿಯಂ ಮುಗಿಸಿ ಸಂಜೆ ಹೊರಗೆ ನಿಂತಾಗ ಈ ಭಕ್ತರು ಅಲ್ಲಿರುವುದಿಲ್ಲ. ದಿನಕ್ಕೆ ಮೂರು ಸವಾರಿ ಎಂದುಕೊಂಡರೂ ವಾರಕ್ಕೆ ಇಪ್ಪತ್ತೊಂದು ಆಗುತ್ತದೆ.

ಕ್ಯಾಪ್ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಐದು ದಿನದೊಳಗಿನ ಪ್ರವಾಸಕ್ಕೆ ಅದೇ ಸರಿ. ಟ್ರಾವೆಲ್‌ಕಾರ್ಡ್ ತುಂಬಿಸಲು ಆಯ್ಸ್ಟರ್ ಎಂಬ ಲಂಡನ್ ಸಾರಿಗೆಯ ಕಾರ್ಡ್ ಬೇಕು; 2025ರ ಸೆಪ್ಟೆಂಬರ್‌ನಿಂದ ಅದರ ಶುಲ್ಕ 10 ಪೌಂಡ್. ಮಂಗಳವಾರ, ಭಾನುವಾರ ಇಳಿಯುವವರ ಉಳಿತಾಯವನ್ನು ಆ ಶುಲ್ಕವೇ ನುಂಗಿಹಾಕುತ್ತದೆ. ಬುಧವಾರದಿಂದ ಶನಿವಾರದೊಳಗೆ ಇಳಿಯುವವರಿಗೆ ಮಾತ್ರ ಶುಲ್ಕ ಕಳೆದೂ ತಲೆಗೆ 7.60 ಪೌಂಡ್ ಉಳಿಯುತ್ತದೆ. ಆದರೆ ಬ್ಯಾಂಕ್ ಕಾರ್ಡ್ ಬಳಸುವವರು ತಮ್ಮ ಖರ್ಚಿಗೆ ವಿದೇಶಿ ವಿನಿಮಯದ ಶುಲ್ಕವನ್ನೂ ಕೂಡಿಸಿಕೊಳ್ಳಲಿ. ಹನ್ನೊಂದರಿಂದ ಹದಿನೈದು ವಯಸ್ಸಿನ ಮಕ್ಕಳಿಗೆ ಸಿಗುವ ರಿಯಾಯಿತಿ ಆಯ್ಸ್ಟರ್ ಮೇಲೆ ಮಾತ್ರ. ಬ್ಯಾಂಕ್ ಕಾರ್ಡ್ ಅವರನ್ನೂ ದೊಡ್ಡವರೆಂದೇ ಎಣಿಸುತ್ತದೆ.

ಇಲ್ಲಿ ಒಂದು ವ್ಯಂಗ್ಯವೂ ಇದೆ. ಪ್ರವಾಸಿಗರಿಗೆಂದೇ ಮಾರುವ ವಿಸಿಟರ್ ಆಯ್ಸ್ಟರ್ ಕಾರ್ಡಿಗೆ ಟ್ರಾವೆಲ್‌ಕಾರ್ಡ್ ತುಂಬಿಸಲು ಬರುವುದಿಲ್ಲ. ಸ್ಟೇಷನ್ನಿನ ಯಂತ್ರದಲ್ಲಿ ಸಿಗುವ ಸಾಮಾನ್ಯ ಆಯ್ಸ್ಟರ್‌ಗೆ ಬರುತ್ತದೆ. ಪ್ರವಾಸಿಯ ಹೆಸರು ಹೊತ್ತ ಕಾರ್ಡ್ ಪ್ರವಾಸಿಗೆ ಲಾಭವಾಗುವ ಪಾಸನ್ನೇ ಹೊರಗಿಟ್ಟಿದೆ. ಕ್ಯಾಪ್ ಹೊಗಳುವವರು ಇದರ ಬಗ್ಗೆ ಉಸಿರೆತ್ತಿದ್ದನ್ನು ನಾನು ಕೇಳಿಲ್ಲ.

ಕ್ಯಾಪ್ ಒಳ್ಳೆಯ ಲೆಕ್ಕಿಗ, ಒಳ್ಳೆಯ ಆತಿಥೇಯನಲ್ಲ. ‘ಪಾಸು ಯಾರಿಗೂ ಬೇಡ’ ಎನ್ನುವವರು ಇನ್ನು ಮುಂದೆ ಆ ಮಾತಿಗೆ ಮೊದಲು ವಿಮಾನ ವಾರದ ಯಾವ ದಿನ ಇಳಿಯುತ್ತದೆ, ಎಷ್ಟು ದಿನ ಇರುತ್ತೀರಿ ಎಂಬ ಎರಡು ಪ್ರಶ್ನೆಯನ್ನಾದರೂ ಕೇಳಲಿ. ಅಷ್ಟನ್ನೂ ಕೇಳದ ಸಲಹೆಗೆ ಬೆಲೆ ತೆರುವವರು ಪ್ರವಾಸಿಗರೇ.