ಚಕ್ಕೋತದ ಸಿಪ್ಪೆ ಮತ್ತು ಮೂರು ಹಾಪ್ಸ್

ಬೆಂಗಳೂರಿನ ಬ್ರೂಪಬ್ ಮೆನುಗಳಲ್ಲಿ 'ಗ್ರೇಪ್‌ಫ್ರೂಟ್ ಪರಿಮಳ' ಅಂತ ಬರೆದಿದ್ದನ್ನು ಓದಿ ಬಹಳ ದಿನ ಸುಮ್ನೆ ತಲೆ ಆಡಿಸಿದ್ದೀನಿ. ಆ ಹಣ್ಣನ್ನ ನಾನು ನೋಡೇ ಇರಲಿಲ್ಲ. ಟೀಮಿನವರ ಮುಂದೆ ಕೇಳೋಕೆ ನಾಚಿಕೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಹಿತ್ತಲಿನ ಚಕ್ಕೋತ ಸುಲಿದಳು. ಸಿಪ್ಪೆಯ ವಾಸನೆ ಮೂಗಿಗೆ ಹೊಡೀತು. ಅರೆ, ಇದು ಕ್ಯಾಸ್ಕೇಡ್!

ಹಾಪ್ಸ್ ಅಂದ್ರೆ ಒಂದು ಬಳ್ಳಿಯ ಹೂವು. ಬಿಯರಿನ ಕಹಿ ಬರೋದು ಅದರ ಆಲ್ಫಾ ಆಸಿಡ್‌ನಿಂದ. ಅದಕ್ಕೆ ಚೆನ್ನಾಗಿ ಕುದಿಸಬೇಕು. ಪರಿಮಳದ ಎಣ್ಣೆ ಮಾತ್ರ ಕುದಿಸಿದಷ್ಟೂ ಹಾರಿಹೋಗುತ್ತೆ. ಅದಕ್ಕೇ ಪರಿಮಳಕ್ಕೆ ಬೇಕಾದ ಹಾಪ್ಸನ್ನು ಕೊನೆಗೆ ಹಾಕ್ತಾರೆ, ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಉದುರಿಸಿದ ಹಾಗೆ.

ಅಮೆರಿಕದ ಕ್ಯಾಸ್ಕೇಡ್ ತಳಿ ಬಿಡುಗಡೆಯಾದದ್ದು 1972ರಲ್ಲಿ. ಆಲ್ಫಾ ಆಸಿಡ್ ಸುಮಾರು ಶೇ. 5ರಿಂದ 7. 1980ರ ಸಿಯೆರಾ ನೆವಾಡಾ ಪೇಲ್ ಏಲ್ ಅದನ್ನು ಮನೆಮಾತು ಮಾಡಿತು. ಆಮೇಲೆ ಬಂದ ಸಿಟ್ರಾದಲ್ಲಿ ಶೇ. 11ರಿಂದ 13, ಜೊತೆಗೆ ಮಾವು, ಲಿಚಿ, ನಿಂಬೆ ಎಲ್ಲ ಒಟ್ಟಿಗೆ. ಚೆಕ್ ದೇಶದ ಸಾಜ್‌ನಲ್ಲಿ ಬರೀ ಶೇ. 3-4, ಸಣ್ಣಗೆ ಮೆಣಸು, ಒಣಹುಲ್ಲಿನ ವಾಸನೆ. ಅದು ಬೆಳೆಯುವ ಸೀಮೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಮೊದಲ ಗುಟುಕಿನಲ್ಲಿ ಸಿಟ್ರಾನೇ ಗೆಲ್ಲೋದು. ಎರಡನೇ ಗ್ಲಾಸಿಗೆ ಮಾತ್ರ ಒಬ್ಬನೇ ಮಾತಾಡೋ ಮೀಟಿಂಗ್ ಥರ ಸುಸ್ತು. ಅದರ ಅಬ್ಬರದಲ್ಲಿ ಬ್ರೂ ಮಾಡಿದವರ ಸಣ್ಣಪುಟ್ಟ ತಪ್ಪೂ ಮುಚ್ಚಿಹೋಗುತ್ತೆ. ಸಾಜ್ ಹಾಕಿದ ಪಿಲ್ಸ್ನರ್‌ನಲ್ಲಿ ಅಡಗೋಕೆ ಜಾಗವೇ ಇಲ್ಲ. ಅದನ್ನು ಒಮ್ಮೆ 'ನೀರು' ಅಂತ ಜರೆದಿದ್ದೆ. ತಪ್ಪು ನನ್ನ ನಾಲಿಗೆದು. ಹಾಗಂತ ಸಾಜ್ ಒಂದೇ ಶ್ರೇಷ್ಠ ಅನ್ನೋದೂ ಒಂಥರಾ ಜಂಬವೇ. ಖಡಕ್ ಐಪಿಎಯಲ್ಲಿ ಅದನ್ನು ಹುಡುಕಿದರೂ ಸಿಗಲ್ಲ.

ನನ್ನ ಓಟು ಕ್ಯಾಸ್ಕೇಡ್‌ಗೆ. ತಾನೂ ಮಾತಾಡಿ, ಮಾಲ್ಟಿಗೂ ಮಾತಾಡೋಕೆ ಬಿಡುತ್ತೆ. ಅವ್ವನ ಚಕ್ಕೋತದ ಪಕ್ಷಪಾತವೂ ಇದೆ, ಒಪ್ಕೋತೀನಿ. ಆದರೆ ಬೇರೆಯವರ ಹಣ್ಣಿನ ಹೆಸರು ಬಾಯಿಪಾಠ ಮಾಡಿ ರುಚಿ ಹೋಲಿಸೋಕಾಗಲ್ಲ, ನಾಲಿಗೆಗೆ ಗೊತ್ತಿರೋ ಹೆಸರೇ ಬೇಕು.

ಮೊನ್ನೆ ಟೇಬಲ್ಲಿನಲ್ಲಿ ಜೋರಾಗೇ 'ಚಕ್ಕೋತ' ಅಂದೆ. ಯಾರೂ ನಗಲಿಲ್ಲ. "ನಮ್ಮಜ್ಜಿ ಮನೇಲೂ ಒಂದು ಮರ ಇತ್ತು," ಅಂದ ಒಬ್ಬ.