ಫೈಲ್ ತೆರೆಯದೆ ಕೆಲಸವೆಲ್ಲಿ?

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯಲ್ಲಿ ಕೂತು ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಕೆಲಸ ಸಿಗುವುದು ಫ್ರೀಲಾನ್ಸ್ ತಾಣಗಳಲ್ಲಿ. ಕ್ಲೈಂಟಿನ ಮುಖ ಕಂಡಿರುವುದಿಲ್ಲ, ದನಿ ಕೇಳಿರುವುದಿಲ್ಲ. ಅವರು ಕಳಿಸುವ ಫೈಲೇ ಪರಿಚಯ. ಆದ್ದರಿಂದ ‘ಗುರುತಿಲ್ಲದವರ ಫೈಲ್ ತೆರೆಯಬೇಡಿ’ ಎಂಬ ಬುದ್ಧಿಮಾತು ನಮ್ಮಂಥವರಿಗೆ ಉಪಯೋಗಕ್ಕೆ ಬರುವುದಿಲ್ಲ. ಗುರುತಿಲ್ಲದವರ ಫೈಲ್ ತೆರೆಯುವುದೇ ನಮ್ಮ ಕಸುಬು.

ಹೋದ ವರ್ಷ ಒಂದು ಜಿಪ್ ಬಂತು. ಗೌಪ್ಯ ದಾಖಲೆ, ಅದಕ್ಕೇ ಲಾಕ್ ಮಾಡಿದ್ದೇವೆ ಎಂದು ಪಾಸ್‌ವರ್ಡನ್ನು ಚಾಟ್‌ನಲ್ಲಿ ಕೊಟ್ಟಿದ್ದರು. ಬಿಚ್ಚಿದರೆ ಮೂರು ಫೈಲು. ಎರಡು ಚಿತ್ರ. ಮೂರನೆಯದಕ್ಕೆ ಪಿಡಿಎಫ್‌ನ ಕೆಂಪು ಚಿಹ್ನೆ, ಹೆಸರೂ ‘ಬ್ರೀಫ್.ಪಿಡಿಎಫ್’. ಮಿಕ್ಕ ಎರಡಕ್ಕೆ ಕಾಣದ ಚುಕ್ಕೆ ಇದಕ್ಕೇಕೆ ಎಂದು ಕೈ ತಡೆಯಿತು. ವಿಂಡೋಸ್‌ನ ವ್ಯೂ ಮೆನುವಿಗೆ ಹೋಗಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಟಿಕ್ ಹಾಕಿದೆ. ಹೆಸರಿನ ಬಾಲ ಹೊರಬಂತು: ‘ಬ್ರೀಫ್.ಪಿಡಿಎಫ್.ಎಸ್‌ಸಿಆರ್’. ಅದು ಸ್ಕ್ರೀನ್‌ಸೇವರ್‌ನ ಗುರುತು. ಒತ್ತಿದರೆ ಓದಲು ತೆರೆದುಕೊಳ್ಳುವುದಿಲ್ಲ, ಪ್ರೋಗ್ರಾಂ ಆಗಿ ಓಡುತ್ತದೆ. ಅದೇ ಕಂಪ್ಯೂಟರಿನಲ್ಲಿ ತಮ್ಮ ಪಹಣಿ ತೆಗೆಯುತ್ತಾನೆ, ಅಪ್ಪನ ಬ್ಯಾಂಕ್ ಖಾತೆ ನೋಡುತ್ತೇವೆ. ಆವತ್ತು ಊಟ ರುಚಿಸಲಿಲ್ಲ.

2000ದ ಮೇ ತಿಂಗಳಲ್ಲಿ ಲೋಕವನ್ನೆಲ್ಲ ಕಾಡಿದ ‘ಐ ಲವ್ ಯೂ’ ವೈರಸ್ ಕೂಡ ಹೀಗೇ, ಟಿಎಕ್ಸ್‌ಟಿ ಎಂಬ ಹೆಸರಿನ ಹಿಂದೆ ವಿಬಿಎಸ್ ಅಡಗಿಸಿಕೊಂಡು ಬಂದಿತ್ತು. ಇಷ್ಟು ವರ್ಷವಾದರೂ ವಿಂಡೋಸ್ ಆ ಬಾಲವನ್ನು ತಾನಾಗಿ ಮುಚ್ಚಿಡುವುದನ್ನು ಬಿಟ್ಟಿಲ್ಲ. ಇದು ತಪ್ಪು.

ತಾಣಗಳವರು ಫೈಲ್ ಸ್ಕ್ಯಾನ್ ಮಾಡುವುದು ಒಳ್ಳೆಯದೇ. ಗೊತ್ತಿರುವ ವೈರಸ್ಸುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಆದರೆ ಪಾಸ್‌ವರ್ಡ್ ಹಾಕಿದ ಜಿಪ್‌ನೊಳಗೆ ಸ್ಕ್ಯಾನರಿನ ಕಣ್ಣು ಹಾಯದು. ನನಗೆ ಬಂದದ್ದು ಪರೀಕ್ಷೆಯಾದ ಫೈಲುಗಳ ಸಾಲಿನಲ್ಲೇ, ಅವುಗಳ ಹಾಗೆಯೇ ಕೂತಿತ್ತು. ‘ಇದರೊಳಗೆ ನಾವು ನೋಡಿಲ್ಲ’ ಎಂಬ ಒಂದು ಸಾಲು ಅಲ್ಲಿರಬೇಕಿತ್ತು.

ಕೋಡ್ ಬರೆಯುವ ಹುಡುಗರಿಗೆ ಬಂದಿರುವ ಅಪಾಯ ಇನ್ನೂ ದೊಡ್ಡದು. ಉತ್ತರ ಕೊರಿಯಾದ ನಂಟಿರುವ ಒಂದು ಗುಂಪು ಫ್ರೀಲಾನ್ಸ್ ತಾಣಗಳಲ್ಲಿ ಕೆಲಸ ಕೊಡುವವರ ವೇಷದಲ್ಲಿ ಬರುತ್ತಿದೆಯೆಂದು ಇಸೆಟ್ ಎಂಬ ಭದ್ರತಾ ಸಂಸ್ಥೆ 2025ರ ಫೆಬ್ರುವರಿಯಲ್ಲಿ ವಿವರವಾಗಿ ಬರೆಯಿತು. ‘ಈ ಪ್ರಾಜೆಕ್ಟಿನಲ್ಲಿ ಒಂದು ಬಗ್ ಸರಿಮಾಡಿ’ ಅನ್ನುತ್ತಾರೆ. ಪ್ರಾಜೆಕ್ಟ್ ನಿಜವಾದದ್ದೇ. ಕೆಟ್ಟ ಕೋಡ್ ಮಾತ್ರ ಒಂದು ಉದ್ದನೆಯ ಕಾಮೆಂಟಿನ ಹಿಂದೆ, ಅದೇ ಸಾಲಿನಲ್ಲಿ, ಪರದೆಯ ಬಲ ಅಂಚಿನಾಚೆ ಇರುತ್ತದೆ. ಓಡಿಸಿ ನೋಡಿದರೆ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಹೋದವು. ಬಲಿಯಾದವರನ್ನು ಅಜಾಗರೂಕರು ಎನ್ನಲು ನನಗೆ ಮನಸ್ಸು ಬಾರದು. ಅವರು ಮಾಡಿದ್ದು ಒಪ್ಪಿಕೊಂಡ ಕೆಲಸ.

ನಮ್ಮ ಸರ್ಕಾರ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರ ವೈರಸ್ ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಉಪಕಾರವೇ, ಆದರೆ ಅದು ರೋಗ ಬಂದ ಮೇಲಿನ ಮದ್ದು. ವೈರಸ್‌ಟೋಟಲ್‌ಗೆ ಹಾಕಿ ನೋಡಿ ಎನ್ನುವವರಿದ್ದಾರೆ. ಅಲ್ಲಿ ಹಾಕಿದ ಫೈಲ್ ಬೇರೆ ಭದ್ರತಾ ಸಂಸ್ಥೆಗಳಿಗೂ ಸಿಗುತ್ತದೆ. ಕ್ಲೈಂಟಿನ ಗುಟ್ಟನ್ನು ನಾವೇ ಬಿಟ್ಟುಕೊಟ್ಟಂತಾಗುತ್ತದೆ.

ರಕ್ಷಣೆಯ ಭಾರ ಹೊರಬೇಕಾದವರು ಕಮಿಷನ್ ಪಡೆಯುವ ತಾಣಗಳೇ. ಲಾಕ್ ಆದ ಜಿಪ್ಪನ್ನು ತಡೆಹಿಡಿಯಲಿ. ಡಾಕ್ಯುಮೆಂಟುಗಳನ್ನು ಡೌನ್‌ಲೋಡ್ ಮಾಡದೆ ಬ್ರೌಸರಿನಲ್ಲೇ ಚಿತ್ರವಾಗಿ ತೋರಿಸಲಿ. ಎಲ್ಲಕ್ಕಿಂತ ಮುಖ್ಯ, ಅನುಮಾನದ ಫೈಲ್ ಒಲ್ಲೆ ಎಂದವರ ರೇಟಿಂಗಿಗೆ ಏಟು ಬೀಳದಿರಲಿ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎರಡು ಸ್ಟಾರ್‌ಗೆ ಹೆದರಿಯೇ ಆ ಫೈಲ್ ಒತ್ತುತ್ತಾಳೆ.

ಅಲ್ಲಿಯವರೆಗೆ ಓದುಗರಲ್ಲಿ ನನ್ನದೊಂದು ಕೋರಿಕೆ. ಇವತ್ತೇ ಮನೆಯ ಕಂಪ್ಯೂಟರಿನಲ್ಲಿ ಆ ವ್ಯೂ ಮೆನು ತೆರೆದು ಟಿಕ್ ಹಾಕಿ. ಬ್ಯಾಂಕಿನ ಪಾಸ್‌ವರ್ಡನ್ನು ಬ್ರೌಸರಿನಿಂದ ಅಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.