ಮುಚ್ಚಳದ ಒಳಗಿನ ಗೀಚು

ಅಪ್ಪನ ಎಚ್‌ಎಂಟಿ ಜನತಾ ವಾಚು ನಿಂತು ಹನ್ನೊಂದು ವರ್ಷವಾಗಿತ್ತು. ಬೀರುವಿನಲ್ಲಿ ಅಮ್ಮನ ಕುಂಕುಮದ ಭರಣಿಯ ಪಕ್ಕ, ಬೆಲ್ಟು ಹರಿದು ಮಲಗಿತ್ತು. ಕಳೆದ ವಾರ ಅದನ್ನು ಬೆಂಗಳೂರಿನ ಮತ್ತೀಕೆರೆಯ ಹಿರಿಯ ರಿಪೇರಿಯವರೊಬ್ಬರ ಮುಂದಿಟ್ಟೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ಎಬ್ಬಿಸಿದರು. ಮೆಷೀನು ನೋಡುವ ಮೊದಲೇ ಮುಚ್ಚಳವನ್ನು ನನ್ನ ಕೈಗಿಟ್ಟು, ‘ಮೊದಲು ಇದನ್ನ ಓದಿ ಸಾರ್’ ಅಂದರು.

ಒಳಮೈಯಲ್ಲಿ ಸೂಜಿಮೊನೆಯಿಂದ ಗೀಚಿದ ಮೂರು ಗುರುತು. ಸರ್ವಿಸ್ ಮಾಡಿದವರು ತಿಂಗಳು, ವರ್ಷವನ್ನೋ ತಮ್ಮದೇ ಒಂದು ಗುರುತನ್ನೋ ಹೀಗೆ ಗೀಚಿಡುವುದು ಈ ಕಸುಬಿನ ಹಳೆಯ ರೂಢಿ. ಒಂದು ಸವೆದು ಓದಲಾಗದಂತಾಗಿತ್ತು. ಇನ್ನೊಂದು ‘6-79’. ಮತ್ತೊಂದು ‘4-83’. 83ರ ಬೇಸಿಗೆಯಲ್ಲೇ ಅಪ್ಪನಿಗೆ ಯಲಹಂಕದ ಶಾಲೆಗೆ ವರ್ಗವಾದದ್ದು. ಹೊಸ ಶಾಲೆಯ ಗಂಟೆಗೆ ತಪ್ಪಬಾರದೆಂದು ಹೊರಡುವ ಮುನ್ನ ವಾಚು ಸರಿಮಾಡಿಸಿಕೊಂಡಿರಬೇಕು. ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಹಳೆಯ ವಾಚನ್ನು ರಿಪೇರಿಗೆ ಕೊಡುವಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಮುಚ್ಚಳದ ಒಳಗೆ ಪಾಲಿಶ್ ಬೇಡ.

ಈ ವಾಚುಗಳ ತವರು ಆ ಅಂಗಡಿಗೆ ಹತ್ತಿರವೇ, ಜಾಲಹಳ್ಳಿ. 1953ರಲ್ಲಿ ಶುರುವಾದ ಹಿಂದೂಸ್ಥಾನ್ ಮಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಕೈಗಡಿಯಾರ ಮಾಡತೊಡಗಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರೂ. ವಾಚು ವಿಭಾಗವನ್ನು ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಈಗ ಒಂದು ವಾಚು ಬದುಕಬೇಕಾದರೆ ಎಷ್ಟೋ ಸಲ ಇನ್ನೊಂದು ಸತ್ತ ವಾಚಿನ ಚಕ್ರ ಬೇಕು. ಕೆಟ್ಟದ್ದೆಂದು ಮೂಲೆಗೆಸೆದ ವಾಚನ್ನೂ ಗುಜರಿಗೆ ಹಾಕಬೇಡಿ ಎಂದು ನಾನು ಅಂಗಲಾಚುವುದು ಅದಕ್ಕೇ.

ಜನತಾದೊಳಗಿನ ಮೆಷೀನು ಹದಿನೇಳು ಜ್ಯುವೆಲ್‌ನದು, ಅಂದರೆ ಸವೆತ ತಡೆಯುವ ಹದಿನೇಳು ಪುಟ್ಟ ಹರಳಿನದು. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ವರ್ಷಗಟ್ಟಲೆ ಸುಮ್ಮನಿದ್ದರೆ ಒಳಗಿನ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ. ‘ನಡೆಯುತ್ತಾ ನೋಡೋಣ’ ಎಂದು ಕೀ ಕೊಟ್ಟು ಓಡಿಸಿದರೆ ಆ ಅಂಟೇ ಅರದಂತೆ ಉಜ್ಜಿ ಚಕ್ರದ ಮೊನೆಗಳನ್ನು ತಿನ್ನುತ್ತದೆ. ಮೊದಲು ಬಿಚ್ಚಿ ತೊಳೆಸಿ, ಹೊಸ ಎಣ್ಣೆ ಹಾಕಿಸಿ, ಆಮೇಲೆ ಕೀ.

ಡಯಲ್ ವಿಷಯಕ್ಕೆ ಬಂದರೆ ನಾನು ಹಟಮಾರಿ. ಮೆಷೀನಿಗೆ ಏನು ಬೇಕಾದರೂ ಮಾಡಿಸಿ, ಮುಖಕ್ಕೆ ಬಣ್ಣ ಬಳಿಸಬೇಡಿ. ಹಿಂದೊಮ್ಮೆ ಅಮ್ಮನ ವಾಚನ್ನು ಒಂದು ಅಂಗಡಿಯಲ್ಲಿ ಕೊಟ್ಟಿದ್ದೆ. ಕೇಳದೆಯೇ ಡಯಲಿಗೆ ಹೊಸ ಬಣ್ಣ, ಹೊಸ ಅಕ್ಷರ ಹಾಕಿ ಕೊಟ್ಟರು. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಯಾರದಪ್ಪಾ?’ ಎಂದು ಕೇಳಿದರು. ಮತ್ತೆ ಅದನ್ನು ಕಟ್ಟಲಿಲ್ಲ. ಮಾರಾಟಕ್ಕೆ ಬರುವ ಹಳೇ ಎಚ್‌ಎಂಟಿಗಳಲ್ಲಿ ಹೀಗೆ ಮುಖ ಬದಲಾದವು ಬಹಳ. ಭೂತಗನ್ನಡಿಯಲ್ಲಿ ನೋಡಿದರೆ ಗುಟ್ಟು ರಟ್ಟಾಗುತ್ತದೆ: ಅಕ್ಷರದ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂರುವುದಿಲ್ಲ.

ಅಪ್ಪನ ವಾಚಿನ ಬಿಳಿ ಡಯಲ್ ಕೆನೆಯ ಬಣ್ಣಕ್ಕೆ ತಿರುಗಿದೆ. ಹಾಗೇ ಇರಲಿ. ಗಾಜಿನ ಒಂದು ಬದಿಯಲ್ಲಿ ಗೀರೋ ಗೀರು. ರಿಪೇರಿಯವರು ಅದರ ಮೇಲೆ ಬೆರಳಾಡಿಸಿ, ‘ಮುಖ ಒಳಗೆ ಮಾಡಿ ಕಟ್ತಿದ್ರಲ್ಲ ನಿಮ್ಮ ತಂದೆಯವರು? ಮೇಷ್ಟ್ರಾ?’ ಎಂದರು. ನನಗೆ ತಕ್ಷಣ ಮಾತು ಹೊರಡಲಿಲ್ಲ. ಅಂಗೈಯ ಕಡೆಗೆ ಮುಖ ಮಾಡಿ ಕಟ್ಟಿ, ಆ ಕೈಯನ್ನು ಮೇಜಿನಂಚಿಗೆ ಊರಿ ಅವರು ಮೂವತ್ತು ವರ್ಷ ಪಾಠ ಮಾಡಿದ್ದರು. ಅದು ಪ್ಲಾಸ್ಟಿಕ್ ಗಾಜು. ಉಜ್ಜಿದರೆ ಗೀರು ಹೋಗುತ್ತದೆ. ಉಜ್ಜಿಸಲಿಲ್ಲ.

ನಾಲ್ಕು ದಿನ ಬಿಟ್ಟು ಹೋದಾಗ ವಾಚು ಟಿಕ್‌ಟಿಕ್ ಅನ್ನುತ್ತಿತ್ತು. ಮುಚ್ಚಳದೊಳಗೆ ತಾವೂ ಒಂದು ತಾರೀಕು ಗೀಚಿದ್ದರು, ಹಳೆಯವಕ್ಕೆ ತಾಗದಂತೆ ಪಕ್ಕದಲ್ಲಿ. ‘ಟೈಮ್ ಕರೆಕ್ಟಾಗಿ ಇಟ್ಟಿದೀನಿ’ ಅಂದರು. ಮನೆಗೆ ಬಂದು, ಬೆಳಗಿನ ರೇಡಿಯೋ ವಾರ್ತೆಗೆ ಒಮ್ಮೆ ತಾಳೆ ನೋಡಿ, ಅಪ್ಪ ಇಟ್ಟುಕೊಳ್ಳುತ್ತಿದ್ದ ಹಾಗೆ ಎರಡು ನಿಮಿಷ ಮುಂದಕ್ಕೆ ತಿರುಗಿಸಿದೆ.